ಹಾಕಿ ಲೀಗ್ ಪಂದ್ಯದ ಮೊದಲ ವರದಿ: ಅನುಭವ ಇರುವವರು ತಿಳಿಸಿ

ಪ್ರಶ್ನೆ: ನಾನು ಮೈಸೂರಿನಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ರಾಂಚಿಯಲ್ಲಿ ನಡೆಯುವ ಹಾಕಿ ಇಂಡಿಯಾ ಲೀಗ್ ಪಂದ್ಯವೊಂದನ್ನು ವರದಿ ಮಾಡಲು ಮಾಧ್ಯಮ ಪಾಸ್ ದೊರೆತಿದೆ. ಕಾಲೇಜು ಟೂರ್ನಿಗಳ ಬಗ್ಗೆ ಬರೆದಿದ್ದೇನೆಯೇ ಹೊರತು ವೃತ್ತಿಪರರ ಪಂದ್ಯವನ್ನು ಪ್ರೆಸ್ ಬಾಕ್ಸ್‌ನಲ್ಲಿ ಕುಳಿತು ನೋಡಿದ್ದಿಲ್ಲ. ಆಟ ಅಷ್ಟು ವೇಗವಾಗಿ ಸಾಗುವಾಗ ಏನನ್ನು ಗುರುತು ಹಾಕಿಕೊಳ್ಳಬೇಕು, ವರದಿಯನ್ನು ಸಮಯಕ್ಕೆ ಸರಿಯಾಗಿ ಕಳಿಸುವುದು ಹೇಗೆ, ಆಟಗಾರರನ್ನು ಏನು ಕೇಳಬೇಕು ಎಂಬುದನ್ನು ದಯವಿಟ್ಟು ತಿಳಿಸಿಕೊಡಿ.

ದಿನಪತ್ರಿಕೆಯ ಕ್ರೀಡಾ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವರೊಬ್ಬರ ಉತ್ತರ:

ಮೊದಲು ಗಡಿಯಾರವನ್ನು ಅರ್ಥ ಮಾಡಿಕೊಳ್ಳಿ. ಪಂದ್ಯದಲ್ಲಿ 15 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಿದ್ದು, ಮೈದಾನದ ಫಲಕದಲ್ಲಿ ಸಮಯ ಇಳಿಯುತ್ತಾ ಹೋಗುತ್ತದೆ. ಅಧಿಕೃತ ಸ್ಕೋರ್ ಪಟ್ಟಿಯಲ್ಲಾದರೋ ಗೋಲಿನ ನಿಮಿಷವನ್ನು ಪಂದ್ಯದ ಆರಂಭದಿಂದ ಎಣಿಸಿರುತ್ತಾರೆ. ಮೂರನೇ ಕ್ವಾರ್ಟರ್‌ನಲ್ಲಿ ಫಲಕ 11:20 ತೋರಿಸುತ್ತಿರುವಾಗ ಗೋಲು ಬಂದರೆ, ಆ ಕ್ವಾರ್ಟರ್‌ನಲ್ಲಿ ಕಳೆದಿರುವುದು 3 ನಿಮಿಷ 40 ಸೆಕೆಂಡು, ಆದ್ದರಿಂದ ಅದು 34ನೇ ನಿಮಿಷದ ಗೋಲು. ಗದ್ದಲದ ನಡುವೆ ಈ ಲೆಕ್ಕ ಹಾಕಲು ಹೋಗದೆ, ಕ್ವಾರ್ಟರ್ ಯಾವುದೆಂಬುದನ್ನೂ ಫಲಕದಲ್ಲಿ ಕಂಡ ಅಂಕಿಯನ್ನೂ ಬರೆದಿಟ್ಟು, ವಿರಾಮದಲ್ಲಿ ಬಿಡಿಸಿಕೊಳ್ಳಿ. ಕಾರ್ಡ್‌ಗಳ ಸಮಯವನ್ನೂ ಹೀಗೆಯೇ ಗುರುತಿಸಿ. ಹಸಿರು ಕಾರ್ಡ್ ಎಂದರೆ ಎರಡು ನಿಮಿಷ, ಹಳದಿ ಎಂದರೆ ಕನಿಷ್ಠ ಐದು ನಿಮಿಷ ಆ ತಂಡಕ್ಕೆ ಒಬ್ಬ ಆಟಗಾರನ ಕೊರತೆ. ಪಂದ್ಯದ ತಿರುವನ್ನು ಹುಡುಕುವಾಗ ನಾನು ಮೊದಲು ತಡಕುವುದು ಆ ಅವಧಿಯನ್ನೇ.

ಆಟಗಾರರ ಬದಲಾವಣೆಗೆ ಇಲ್ಲಿ ಮಿತಿಯಿಲ್ಲ, ಹೊರಗೆ ಹೋದವರು ಮತ್ತೆ ಒಳಗೆ ಬರುತ್ತಲೇ ಇರುತ್ತಾರೆ. ಹಾಗಾಗಿ ಎರಡೂ ತಂಡಗಳ ಪಟ್ಟಿಯನ್ನು ಅಂಗಿಯ ಸಂಖ್ಯೆಯ ಕ್ರಮದಲ್ಲಿ ಹಿಂದಿನ ದಿನವೇ ಕೈಯಾರೆ ಬರೆದುಕೊಳ್ಳಿ. ಮುದ್ರಿತ ಪಟ್ಟಿ ಕೊಡುತ್ತಾರಾದರೂ, ಬರೆದುಕೊಂಡರೆ ಹೆಸರುಗಳು ನಾಲಿಗೆಯ ತುದಿಯಲ್ಲಿರುತ್ತವೆ.

ಇನ್ನು ಸಮಯದ ಮಾತು. ರಾತ್ರಿ ಎಂಟರ ನಂತರ ಆರಂಭವಾಗುವ ಪಂದ್ಯ ಮುಗಿಯುವ ವೇಳೆಗೆ ದೂರದ ಜಿಲ್ಲೆಗಳ ಆವೃತ್ತಿಯ ಪುಟ ಬಹುತೇಕ ಸಿದ್ಧವಾಗಿರುತ್ತದೆ, ಪುಟ ಕಟ್ಟುವವರು ನಿಮ್ಮ ವರದಿಗಾಗಿ ಕಾಯುವುದಿಲ್ಲ. ಮಧ್ಯಂತರದಲ್ಲೇ ಮೊದಲ ಎರಡು ಕ್ವಾರ್ಟರ್‌ಗಳ ವಿವರವನ್ನು ಕೆಳಗಿನ ಪ್ಯಾರಾಗಳಾಗಿ ಬರೆದು ಮುಗಿಸಿ. ಮೂರನೇ ಕ್ವಾರ್ಟರ್ ಮುಗಿದಾಗ ಇಬ್ಬರಲ್ಲಿ ಯಾರು ಗೆದ್ದರೂ ಹೊಂದುವಂತೆ ಎರಡು ಆರಂಭದ ಪ್ಯಾರಾ ಇಟ್ಟುಕೊಳ್ಳಿ. ಪಂದ್ಯ ಸಮವಾದರೆ ಗೆದ್ದವರನ್ನು ನಿರ್ಧರಿಸುವ ಶೂಟೌಟ್‌ಗೂ ಒಂದು ಸಾಲು ಇರಲಿ. ಏಳು ವರ್ಷ ನಿಂತಿದ್ದ ಲೀಗ್ 2024ರ ಡಿಸೆಂಬರ್ 28ರಂದು ರೂರ್ಕೆಲಾದಲ್ಲಿ ಮತ್ತೆ ಶುರುವಾದಾಗ ಮೊದಲ ಪಂದ್ಯವೇ ಶೂಟೌಟ್‌ಗೆ ಹೋಯಿತು. ಅದೇ ಆವೃತ್ತಿಯ ಪುರುಷರ ಫೈನಲ್‌ನಲ್ಲಿ ಬೆಂಗಾಲ್ ಟೈಗರ್ಸ್ 4–3ರಿಂದ ಹೈದರಾಬಾದ್ ತೂಫಾನ್ಸ್ ತಂಡವನ್ನು ಸೋಲಿಸಿತು. ಜುಗ್ರಾಜ್ ಸಿಂಗ್ ಹ್ಯಾಟ್ರಿಕ್ ಗಳಿಸಿದ್ದರು, ಆದರೆ ಗೆಲುವಿನ ಗೋಲು ಕೊನೆಯ ಕ್ವಾರ್ಟರ್‌ನಲ್ಲಿ ಸ್ಯಾಮ್ ಲೇನ್ ಅವರಿಂದ ಬಂತು. ಆರಂಭದ ವಾಕ್ಯ ಯಾರಿಗೆ ಸಲ್ಲಬೇಕು ಎಂದು ಅಂಥ ಕಡೆ ಚರ್ಚೆ ಆಗುತ್ತದೆ. ನಾನಾದರೆ ಜುಗ್ರಾಜ್ ಅವರಿಂದಲೇ ಆರಂಭಿಸಿ, ಲೇನ್ ಹೆಸರನ್ನು ಎರಡನೇ ವಾಕ್ಯಕ್ಕೆ ತರುತ್ತಿದ್ದೆ.

ಕೊಡಗಿನ ಮಾಜಿ ಆಟಗಾರರೊಬ್ಬರ ಉತ್ತರ:

ಮೇಲಿನ ಸಲಹೆ ಸರಿಯೇ, ಆದರೆ ಗೋಲು, ನಿಮಿಷ, ಕಾರ್ಡ್ ಇಷ್ಟನ್ನೇ ಕೊಡುವ ವರದಿಯನ್ನು ಓದಿ ಓದಿ ನಮ್ಮಂಥವರಿಗೆ ಸಾಕಾಗಿದೆ. ಅಷ್ಟನ್ನು ಟೀವಿ ನೋಡಿದವರೂ ಬಲ್ಲರು. ಮೈದಾನದಲ್ಲಿ ಇರುವವರು ಚೆಂಡಿನಿಂದ ಕಣ್ಣು ಕಿತ್ತು ಬೇರೆಡೆ ನೋಡಬೇಕು, ಅದರಲ್ಲೂ ಪೆನಾಲ್ಟಿ ಕಾರ್ನರ್‌ನಲ್ಲಿ, ಅಂದರೆ ರಕ್ಷಿಸುವ ತಂಡದ ತಪ್ಪಿಗಾಗಿ ಎದುರಾಳಿಗೆ ಸಿಗುವ ಗೋಲಿನ ಅವಕಾಶದಲ್ಲಿ. ರಕ್ಷಿಸುವ ತಂಡದಲ್ಲಿ ಗೋಲ್‌ಕೀಪರ್ ಸೇರಿ ಐವರು ಮಾತ್ರ ಗೋಲು ಗೆರೆಯ ಹಿಂದೆ ನಿಲ್ಲುತ್ತಾರೆ, ಆ ತಂಡದ ಉಳಿದವರೆಲ್ಲ ಮಧ್ಯದ ಗೆರೆಯಾಚೆ ಇರಬೇಕಾಗುತ್ತದೆ. ಚೆಂಡು ಒಳಗೆ ಬಂದ ಕ್ಷಣ, ಅದನ್ನು ಸ್ಟಿಕ್ಕಿನಿಂದ ಎಳೆದು ಗೋಲಿನತ್ತ ಚಿಮ್ಮಿಸುವ ಡ್ರ್ಯಾಗ್ ಫ್ಲಿಕರ್‌ನ ಕಡೆಗೆ ರಕ್ಷಕನೊಬ್ಬ ನೇರವಾಗಿ ನುಗ್ಗುತ್ತಾನಲ್ಲ, ನಿಮ್ಮ ಕಣ್ಣು ಅವನ ಮೇಲಿರಲಿ. ಅವನು ಫ್ಲಿಕರ್‌ನ ಯಾವ ಪಕ್ಕಕ್ಕೆ ಓಡುತ್ತಾನೋ ಆ ಪಕ್ಕದ ದಾರಿ ಮುಚ್ಚುತ್ತದೆ, ಉಳಿದ ಪಕ್ಕವನ್ನು ಗೋಲ್‌ಕೀಪರ್ ನೋಡಿಕೊಳ್ಳಬೇಕಾಗುತ್ತದೆ. ನಮ್ಮ ವಿ.ಆರ್. ರಘುನಾಥ್ ಅವರಂಥ ಫ್ಲಿಕರ್ ಎದುರಿಗಿದ್ದಾಗ ಹೀಗೆ ನುಗ್ಗುವುದಕ್ಕೆ ಎಂಥ ಎದೆಗಾರಿಕೆ ಬೇಕೆಂಬುದು ಆಡಿದವರಿಗೇ ಗೊತ್ತು. ರಕ್ಷಕರೆಲ್ಲ ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುವುದರಿಂದ ಮುಖ ಕಾಣುವುದಿಲ್ಲ, ಸಂಖ್ಯೆಯನ್ನೇ ಹಿಡಿಯಬೇಕು. ನಾಲ್ಕು ಕಾರ್ನರ್‌ಗಳು ವ್ಯರ್ಥವಾದವು ಎಂದು ಬರೆಯುವ ಬದಲು, ಅವುಗಳಲ್ಲಿ ಎಷ್ಟನ್ನು ಒಬ್ಬನೇ ರಕ್ಷಕ ತಡೆದ ಎಂದು ಬರೆದರೆ ಓದುಗರಿಗೆ ಹೊಸದೇನೋ ಸಿಗುತ್ತದೆ. ಈಗಿನ ಲೀಗ್‌ನ ಅಂಕಿಅಂಶಗಳನ್ನು ಹಳೆಯದರ ಜೊತೆ ಹೋಲಿಸುವಾಗಲೂ ಎಚ್ಚರವಿರಲಿ: 2016ರಲ್ಲಿ ಫೀಲ್ಡ್ ಗೋಲು (ಪೆನಾಲ್ಟಿಯಿಂದಲ್ಲದೆ ಆಟದ ಓಟದಲ್ಲೇ ಬಂದ ಗೋಲು) ಒಂದಕ್ಕೆ ಎರಡರಂತೆ ಎಣಿಕೆಯಾಗುತ್ತಿತ್ತು.

ವಿದ್ಯಾರ್ಥಿಯಾಗಿದ್ದಾಗಲೇ ಹಾಕಿ ವರದಿ ಆರಂಭಿಸಿದವರೊಬ್ಬರ ಉತ್ತರ:

ಪ್ರೆಸ್ ಬಾಕ್ಸ್‌ನಲ್ಲಿ ಚಪ್ಪಾಳೆ ಇಲ್ಲ, ಆಟಗಾರರೊಂದಿಗೆ ಸೆಲ್ಫಿ ಇಲ್ಲ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಮುರಿದರೆ ಎಲ್ಲರೂ ನೋಡುತ್ತಾರೆ.

ಪಂದ್ಯ ಮುಗಿದ ಮೇಲೆ ಆಟಗಾರರು ಮಿಕ್ಸ್ಡ್ ಝೋನ್ (ವರದಿಗಾರರು ಅವರನ್ನು ಮಾತನಾಡಿಸಲೆಂದು ಬಿಟ್ಟಿರುವ ಜಾಗ) ಮೂಲಕ ಹಾದುಹೋಗುವಾಗ ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ಗೆಲುವಿನ ಬಗ್ಗೆ ಏನನಿಸುತ್ತದೆ ಎಂದು ಕೇಳಿದರೆ ಎಲ್ಲರೂ ತಂಡದ ಒಗ್ಗಟ್ಟಿನ ಬಗ್ಗೆಯೇ ಹೇಳುತ್ತಾರೆ. ಅದರ ಬದಲು, ಮೂರನೇ ಕಾರ್ನರ್‌ನಲ್ಲಿ ನೇರ ಫ್ಲಿಕ್ ಬಿಟ್ಟು ಪಕ್ಕಕ್ಕೆ ಪಾಸ್ ಕೊಟ್ಟದ್ದೇಕೆ ಎಂದು ಕೇಳಿ. ಆಟವನ್ನು ನೋಡಿದ್ದೀರೆಂಬುದು ತಿಳಿದ ಕೂಡಲೇ ಅವರ ಉತ್ತರದ ಧಾಟಿಯೇ ಬದಲಾಗುತ್ತದೆ. ಸೋತ ತಂಡದವರನ್ನೂ ತಪ್ಪದೆ ಮಾತನಾಡಿಸಿ, ಅಲ್ಲಿ ವರದಿಗಾರರ ನೂಕುನುಗ್ಗಲು ಕಡಿಮೆ. ಜಾರ್ಖಂಡ್‌ನವರ ಜೊತೆ ಹಿಂದಿಯಲ್ಲಿ ಮಾತನಾಡುವ ತಯಾರಿ ಇರಲಿ. ಸಿಮ್ಡೇಗಾದ ಸಲೀಮಾ ಟೆಟೆಯಂಥ ಆಟಗಾರ್ತಿಯರು ಬೆಳೆದ ನೆಲವದು, ಗ್ಯಾಲರಿಯಲ್ಲಿ ಕುಳಿತವರಿಗೂ ಹಾಕಿ ಚೆನ್ನಾಗಿ ಗೊತ್ತು. ಬೇಗ ಹೋಗಿ ಅವರ ಜೊತೆ ಸ್ವಲ್ಪ ಹೊತ್ತು ಮಾತನಾಡಿ. ಚೆಂಡು ಕೊನೆಗೆ ಯಾರ ಸ್ಟಿಕ್ಕಿಗೆ ತಾಗಿ ಒಳಗೆ ಹೋಯಿತೆಂಬ ಗೊಂದಲ ಇದ್ದರೆ ಅಧಿಕೃತ ಪಟ್ಟಿ ಬರುವವರೆಗೆ ಹೆಸರು ಕಳಿಸಬೇಡಿ. ಡಿಸೆಂಬರ್–ಜನವರಿಯ ರಾತ್ರಿ ರಾಂಚಿಯಲ್ಲಿ ಚಳಿ ಜೋರಾಗಿರುತ್ತದೆ, ಆದ್ದರಿಂದ ಸ್ವೆಟರ್ ಜೊತೆಗೆ ಬೆರಳು ತೆರೆದಿರುವ ಕೈಗವಸನ್ನೂ ಪವರ್ ಬ್ಯಾಂಕನ್ನೂ ಮರೆಯದೆ ಒಯ್ಯಿರಿ.