ಅಚ್ಚು ಮತ್ತು ಇ-ಪುಸ್ತಕ: ಕಾಲೇಜಿನಲ್ಲಿ ಮೊದಲು ಯಾವುದನ್ನು ಕಲಿಯಬೇಕು?

ಪ್ರಶ್ನೆ (ವಿದ್ಯಾರ್ಥಿನಿ, ಮೈಸೂರು)

ನಾನು ಮೈಸೂರಿನ ಕಾಲೇಜೊಂದರಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ಪ್ರಕಾಶನ ತಂತ್ರಜ್ಞಾನವನ್ನು ಆರಿಸಿಕೊಂಡಿದ್ದೇನೆ. ಲ್ಯಾಬಿನಲ್ಲಿ ನಮಗೆ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ, ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟುಗಳನ್ನು ಬಳಸಿ ಪುಟ ಕಟ್ಟುವುದನ್ನು ಕಲಿಸುತ್ತಿದ್ದಾರೆ. ವಿಭಾಗದ ವಾರ್ಷಿಕ ಸಂಚಿಕೆಯನ್ನು ಅಚ್ಚಿಗೂ ಇ-ಪುಸ್ತಕಕ್ಕೂ ಸಿದ್ಧಪಡಿಸುವ ಹೊಣೆ ನಮ್ಮ ನಾಲ್ವರ ಮೇಲಿದೆ. ಅಚ್ಚಿನ ಪುಟಗಳು ಚೆನ್ನಾಗಿಯೇ ಬಂದವು. ಅದೇ ಪಠ್ಯವನ್ನು ಇ-ಪುಸ್ತಕದ ಕಡತಕ್ಕೆ ನಕಲಿಸಿದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ನಾವು ಅಚ್ಚಿನ ಕೆಲಸವನ್ನು ಪೂರ್ತಿ ಕಲಿತು ಡಿಜಿಟಲ್ ಕಡೆಗೆ ಹೋಗಬೇಕೇ, ಅಥವಾ ಎರಡನ್ನೂ ಬೇರೆ ಬೇರೆಯಾಗಿ ಕಲಿಯಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಪುಟವಿನ್ಯಾಸಕ, ಮೈಸೂರು)

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರು ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ. ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುವುದರಿಂದ, ಆ ಫಾಂಟು ಇರುವವರೆಗೆ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಒಳಗಿನದು ಹೊರಬೀಳುತ್ತದೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅಲ್ಲಿ ಕನ್ನಡಕ್ಕೆ ಸ್ವಂತ ಸಂಕೇತಗಳಿವೆ. ಫಾಂಟು ಬದಲಾದರೂ ಪಠ್ಯ ಕನ್ನಡವಾಗಿಯೇ ಉಳಿಯುತ್ತದೆ, ಓದುಗರು ಅದರಲ್ಲಿ ಪದವನ್ನು ಹುಡುಕಲೂಬಹುದು.

ಆದ್ದರಿಂದ ಅಚ್ಚು ಮೊದಲೋ ಡಿಜಿಟಲ್ ಮೊದಲೋ ಎಂಬುದಕ್ಕಿಂತ ಮುಂಚೆ ಪಠ್ಯವನ್ನು ಸರಿಯಾಗಿ ಸಿದ್ಧಪಡಿಸುವುದನ್ನು ಕಲಿಯಿರಿ. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ, ಅಧ್ಯಾಯದ ತಲೆಬರಹ, ಉಪಶೀರ್ಷಿಕೆ, ಉಲ್ಲೇಖ ಇವುಗಳಿಗೆ ಕೈಯಿಂದ ಗಾತ್ರ ಕೊಡದೆ ಒಂದೊಂದಕ್ಕೂ ಒಂದು ಸ್ಟೈಲ್ (ಹೆಸರಿಟ್ಟು ಉಳಿಸಿಕೊಂಡ ವಿನ್ಯಾಸ) ನಿಗದಿ ಮಾಡಿದರೆ, ಅದೇ ಕಡತದಿಂದ ಅಚ್ಚಿನ ಪಿಡಿಎಫ್ ಕೂಡ ಹೊರಡುತ್ತದೆ, ಇ-ಪುಸ್ತಕದ ಇಪಬ್ ಕೂಡ ಹೊರಡುತ್ತದೆ. ಇಪಬ್ ಎಂದರೆ ವೆಬ್ ಪುಟಗಳನ್ನು ಒಂದು ಗಂಟಾಗಿ ಕಟ್ಟಿದ ಕಡತವಷ್ಟೇ. ಓದುಗರು ಅಕ್ಷರ ದೊಡ್ಡದು ಮಾಡಿದ ಕೂಡಲೇ ಸಾಲುಗಳು ಹೊಸದಾಗಿ ಹರಿಯುವುದರಿಂದ, ಅಲ್ಲಿ ಸಾಲಿನ ಕೊನೆಯಲ್ಲಿ ಎಂಟರ್ ಒತ್ತಿ ಪುಟ ಹೊಂದಿಸಿದ ಅಭ್ಯಾಸವೆಲ್ಲ ಕೆಟ್ಟ ಫಲ ಕೊಡುತ್ತದೆ.

ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ನಡೆಯುವುದಿಲ್ಲ. ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶ ಇದ್ದರೆ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಬೇಕು, ಇಲ್ಲವಾದರೆ ಒತ್ತಕ್ಷರಗಳು ಒಡೆದು ಕಾಣುತ್ತವೆ. ಕಾಲೇಜು ಅದನ್ನು ಕೊಳ್ಳಲಾಗದಿದ್ದರೆ ಉಚಿತವಾಗಿ ಸಿಗುವ ಸ್ಕ್ರೈಬಸ್‌ನ 1.6 ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಪಠ್ಯವನ್ನು ಮೊದಲು ಯೂನಿಕೋಡಿನಲ್ಲಿ ಸಿದ್ಧಪಡಿಸಬೇಕೆಂಬ ಈ ಒಂದು ಮಾತನ್ನು ಮೊದಲ ತರಗತಿಯಲ್ಲೇ ಹೇಳಬೇಕೆಂಬುದು ನನ್ನ ಬಹುಕಾಲದ ಆಸೆ.

ಉತ್ತರ (ಮುದ್ರಕ, ಮಂಡ್ಯ)

ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ಪಿಡಿಎಫ್ ಹೊರಟ ಮೇಲೂ ಕೆಲಸ ಬಾಕಿ ಇರುತ್ತದೆ ಎಂಬುದನ್ನು ಪ್ರೆಸ್ಸಿನಲ್ಲಿ ಒಂದು ದಿನ ನಿಂತು ನೋಡಿದರೆ ಮಾತ್ರ ತಿಳಿಯುತ್ತದೆ. ನಮ್ಮಲ್ಲಿಗೆ ಬರುವ ಕಡತಗಳಲ್ಲಿ ನಾನು ಪದೇ ಪದೇ ಕಾಣುವ ದೋಷವೆಂದರೆ, ಪಠ್ಯದ ಕಪ್ಪು ಬಣ್ಣವು ನಾಲ್ಕು ಬಣ್ಣಗಳ ಬೆರಕೆಯಾಗಿರುವುದು. ಪರದೆಯ ಮೇಲೆ ಅದು ಕಪ್ಪಾಗಿಯೇ ಕಾಣುತ್ತದೆ. ಆಫ್‌ಸೆಟ್ ಯಂತ್ರದಲ್ಲಿ ಬಣ್ಣಕ್ಕೊಂದರಂತೆ ಇರುವ ನಾಲ್ಕು ಪ್ಲೇಟುಗಳ ಹೊಂದಿಕೆ ಕೂದಲೆಳೆಯಷ್ಟು ತಪ್ಪಿದರೂ ಒತ್ತಕ್ಷರದ ಸಣ್ಣ ಸುಳಿಗಳು ಮಸುಕಾಗುತ್ತವೆ. ಪಠ್ಯಕ್ಕೆ ಕಪ್ಪು ಪ್ಲೇಟು ಒಂದೇ ಸಾಕು. ಚಿತ್ರಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಇರಲಿ, ಹೊದಿಕೆಯ ಚಿತ್ರವನ್ನು ಕತ್ತರಿಸುವ ಅಂಚಿನಿಂದ 3 ಮಿ.ಮೀ. ಹೊರಕ್ಕೆ ಚಾಚಿರಿ.

ಉತ್ತರ (ಕರಡು ತಿದ್ದುವವರು, ಮೈಸೂರು)

ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರುವುದಾದರೆ ಮತ್ತೊಮ್ಮೆ ಕರಡು ತಿದ್ದಲೇಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರವೇ ಮೊದಲು ನಿಲ್ಲುತ್ತದೆ. ಈ ಸ್ಥಾನಪಲ್ಲಟದಲ್ಲಿ ತಪ್ಪುಗಳು ನುಸುಳುತ್ತವೆ. ಅರ್ಧಾಕ್ಷರವನ್ನು ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ ಬಿಟ್ಟುಹೋದರೆ ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗುತ್ತದೆ.

ವಿದ್ಯಾರ್ಥಿನಿ

ಎಲ್ಲರಿಗೂ ವಂದನೆಗಳು. ಪಠ್ಯವನ್ನು ಯೂನಿಕೋಡಿನಲ್ಲಿ ಹೊಸದಾಗಿಯೇ ಕಟ್ಟಲು ನಿರ್ಧರಿಸಿದ್ದೇವೆ. ಡೆಮಿ 1/8 (ಡೆಮಿ ಹಾಳೆಯ ಎಂಟನೆಯ ಒಂದು ಭಾಗ) ಅಳತೆಯಲ್ಲಿ ಸಂಚಿಕೆ 100 ಪುಟವಾಗುತ್ತದೆ. ಅಚ್ಚಿಗೆ ಇದು ಸರಿಯೇ ಸರ್?

ಉತ್ತರ (ಮುದ್ರಕ, ಮಂಡ್ಯ)

ಅಚ್ಚಾದ ಮೇಲೆ ಮಡಿಸುವ ಒಂದು ಹಾಳೆಗೆ ಫಾರಮ್ಮು ಎನ್ನುತ್ತೇವೆ. 16 ಪುಟಕ್ಕೆ ಒಂದು ಫಾರಮ್ಮಿನಂತೆ 96 ಪುಟಗಳು ಆರು ಫಾರಮ್ಮಿಗೆ ಸರಿಹೋಗುತ್ತವೆ. ಉಳಿದ ನಾಲ್ಕು ಪುಟಗಳಿಗಾಗಿ ಬೇರೆ ಪ್ಲೇಟು, ಯಂತ್ರದ ಬೇರೆ ಓಟ ಬೇಕಾಗುತ್ತದೆ. ಖಾಲಿ ಪುಟಗಳನ್ನು ತೆಗೆದು 96ಕ್ಕೆ ಇಳಿಸಿ. ಸಾಲುಗಳ ಅಂತರವನ್ನು ಮಾತ್ರ ಕಡಿಮೆ ಮಾಡಬೇಡಿ, ಏಕೆಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪ್ಲೇಟು ಮಾಡಿಸುವ ಮುನ್ನ ಕಾಗದವನ್ನು 16 ಪುಟವಾಗಿ ಮಡಿಸಿ, ಸಂಖ್ಯೆ ಬರೆದು ತನ್ನಿ; ಪುಟ ಎಲ್ಲಿ ಕೂರುತ್ತದೆಂದು ನಾಲ್ವರಿಗೂ ತೋರಿಸಿಕೊಡುತ್ತೇನೆ.