‘ಲೂಸ್’, ‘ಸಡಿಲ’, ‘ಪ್ಲೇ’: ಹಳೆಯ ಸ್ಕೇಟ್ ಮಾರುವಾಗ ಯಾವ ಪದ?

ಬಳಸಿದ ಕ್ವಾಡ್ ಸ್ಕೇಟ್ (ಕಾಲಿಗೆ ಮುಂದೆ ಎರಡು, ಹಿಂದೆ ಎರಡು ಚಕ್ರವಿರುವ ಸ್ಕೇಟ್) ಮಾರುವವರು ‘ವೀಲ್ ಸ್ವಲ್ಪ ಲೂಸ್ ಇದೆ, ಅಷ್ಟೇ’ ಎಂದು ಬರೆಯುತ್ತಾರೆ. ಕೊಳ್ಳುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಸ್ಪ್ಯಾನರ್ ಹಾಕಿ ಅರೆ ನಿಮಿಷದಲ್ಲಿ ಸರಿಮಾಡಬಹುದಾದದ್ದೂ ಲೂಸೇ, ಚಕ್ರವನ್ನೇ ಎಸೆಯಬೇಕಾದದ್ದೂ ಲೂಸೇ. ‘ಸಡಿಲ’ ಎಂದು ಕನ್ನಡಿಸಿದರೂ ಗೊಂದಲ ಹಾಗೇ ಉಳಿಯುತ್ತದೆ. ಬೇರೆ ಬೇರೆ ದೋಷಕ್ಕೆ ಬೇರೆ ಬೇರೆ ಮಾತು ಬೇಕಲ್ಲವೇ?

ಜೋಡಿಗೆ 8 ಚಕ್ರ, ಚಕ್ರಕ್ಕೆ ಎರಡರಂತೆ 16 ಬೇರಿಂಗ್. ಒಂದೊಂದು ಚಕ್ರವನ್ನೂ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ಎಂಟೂ ಒಂದೇ ಸಮ ಅಲ್ಲಾಡಿದರೆ ಬಹುಪಾಲು ಚಕ್ರವನ್ನು ಹಿಡಿದಿಡುವ ನಟ್‌ನದೇ ಕಾರಣ. ಚಕ್ರ ಹಿಡಿದುಕೊಳ್ಳುವ ತನಕ ಬಿಗಿದು, ಅಲ್ಲಿಂದ ಸುಮಾರು ಕಾಲು ಸುತ್ತು ಹಿಂದಕ್ಕೆ ಬಿಟ್ಟರೆ ಸಾಕು. ಇದಕ್ಕೆ ‘ಸಡಿಲ’ ಸರಿಯಾದ ಪದ, ಏಕೆಂದರೆ ಸಡಿಲವಾದದ್ದನ್ನು ಬಿಗಿಮಾಡಬಹುದು. ನಟ್ ಬೆರಳಲ್ಲೇ ತಿರುಗಿದರೆ ಮಾತ್ರ ಅದರೊಳಗಿನ ನೈಲಾನ್ ಬಳೆ ಸತ್ತಿದೆ ಎಂದರ್ಥ, ಹೊಸ ನಟ್ಟೇ ಹಾಕಬೇಕು.

ಹಾಗೆ ಹಿಂದಕ್ಕೆ ಬಿಟ್ಟ ಮೇಲೂ ಚಕ್ರದಲ್ಲಿ ಕೂದಲೆಳೆಯಷ್ಟು ಅಲುಗಾಟ ಉಳಿಯುತ್ತದೆ. ಅದು ಇರಲೇಬೇಕು, ಇಲ್ಲದಿದ್ದರೆ ಬೇರಿಂಗ್ ಒತ್ತಿ ಹಿಡಿಯುತ್ತದೆ. ಗ್ಯಾರೇಜಿನವರ ‘ಪ್ಲೇ’ ಇದಕ್ಕೂ ಸಲ್ಲುತ್ತದೆ, ಸವೆದು ಬಂದ ಅಲುಗಾಟಕ್ಕೂ ಸಲ್ಲುತ್ತದೆ. ಆದರೆ ಅವರ ಕ್ರಿಯಾಪದ ಗಮನಿಸಿ: ‘ಪ್ಲೇ ಇರಬೇಕು’, ‘ಪ್ಲೇ ಬಂದಿದೆ’. ಇರುವುದು ಗುಣ, ಬಂದದ್ದು ದೋಷ. ಈ ಸೂಕ್ಷ್ಮ ಬಹಳ ಬೆಲೆಯುಳ್ಳದ್ದು, ಬರವಣಿಗೆಯಲ್ಲೂ ಉಳಿಸಿಕೊಳ್ಳಬೇಕು.

ಬಿಗಿದ ಮೇಲೂ ಒಂದೇ ಚಕ್ರ ಲೊಡಲೊಡ ಅಂದರೆ ಅದನ್ನು ಬಿಚ್ಚಿ. ಬೇರಿಂಗ್ ತಿರುಗಿಸಿದಾಗ ಕರಕರ ಅಂದರೆ ಮರಳೋ ತುಕ್ಕೋ ಸೇರಿದೆ; ತೊಳೆದು ಎಣ್ಣೆ ಬಿಟ್ಟರೂ ಹೋಗದಿದ್ದರೆ ಬದಲಿಸಬೇಕು. ಬೇರಿಂಗ್ ಚಕ್ರದಿಂದ ತಾನಾಗಿ ಉದುರಿಬಿದ್ದರೆ ಅದು ಕೂರುವ ಗೂಡು ಸವೆದಿದೆ. ಹೊಸ ಬೇರಿಂಗ್ ಹಾಕಿದರೂ ಆ ಚಕ್ರ ನಿಲ್ಲದು. ಇದನ್ನು ‘ಗೂಡು ಸವೆದಿದೆ’ ಎಂದೇ ಬರೆಯಬೇಕು.

ಇನ್ನೊಂದು ಲೂಸ್ ಸವೆತದಿಂದ ಬಂದದ್ದೇ ಅಲ್ಲ. ಸ್ಕೇಟಿನ ಅಚ್ಚು, ಅಂದರೆ ಚಕ್ರ ತಿರುಗುವ ಆಕ್ಸಲ್, 8 ಮಿ.ಮೀ. ಇರಬಹುದು, 7 ಮಿ.ಮೀ. ಇರಬಹುದು. 608 ಬೇರಿಂಗಿನ ತೂತು 8, 627ರದ್ದು 7. ಹೊರ ಅಳತೆ ಎರಡಕ್ಕೂ 22. ಹಾಗಾಗಿ ಎರಡೂ ಅದೇ ಚಕ್ರದೊಳಗೆ ಕೂರುತ್ತವೆ. ಆದರೆ 7ರ ಅಚ್ಚಿಗೆ 608 ಹಾಕಿದರೆ 1 ಮಿ.ಮೀ. ಬಿಡುವು ಉಳಿದು, ಹೊಸ ಬೇರಿಂಗೇ ಅಲ್ಲಾಡುತ್ತದೆ. ಇಲ್ಲಿ ‘ಅಳತೆ ತಪ್ಪಿದೆ’ ಅನ್ನಬೇಕು.

ಚಕ್ರದಿಂದ ಮೇಲಕ್ಕೆ ಹೋದರೆ ಟ್ರಕ್. ಇದು ಲಾರಿಯಲ್ಲ, ಅಮೆರಿಕದ ರೈಲಿನವರು ಡಬ್ಬಿಯ ಅಡಿಯ ಗಾಲಿ ಚೌಕಟ್ಟನ್ನು ಟ್ರಕ್ ಅನ್ನುತ್ತಾರೆ, ಅದೇ ಅರ್ಥ. 1863ರಲ್ಲಿ ಜೇಮ್ಸ್ ಪ್ಲಿಂಪ್ಟನ್ ನ್ಯೂಯಾರ್ಕಿನಲ್ಲಿ ಪೇಟೆಂಟ್ ಪಡೆದ ಸ್ಕೇಟ್, ಕಾಲು ವಾಲಿಸಿದತ್ತ ತಿರುಗುವಂಥದ್ದು. ಇಂದಿನ ಟ್ರಕ್ಕಿನ ಮೂಲ ಅದೇ. ಟ್ರಕ್ಕನ್ನು ಹಿಡಿದಿಡುವ ದಪ್ಪ ಬೋಲ್ಟಾದ ಕಿಂಗ್‌ಪಿನ್ ಸುತ್ತಲಿನ ಕುಷನ್‌ಗಳು, ಅಂದರೆ ಮೆತ್ತನೆಯ ಬಳೆಗಳು, ವಯಸ್ಸಾದಂತೆ ಗಟ್ಟಿಯಾಗಿ ಬಿರಿಯುತ್ತವೆ. ಟ್ರಕ್ ಹಿಡಿದು ತಿರುಚಿದಾಗ ಮೂಲೆಯಲ್ಲಿ ‘ಟಕ್’ ಅಂದರೆ ಪಿವಟ್ ಕಪ್, ಅಂದರೆ ಟ್ರಕ್ಕಿನ ತುದಿ ಕೂರುವ ಬಟ್ಟಲು, ತೆಳುವಾಗಿದೆ. ಎರಡೂ ಸಣ್ಣ ಖರ್ಚಿನ ಬಿಡಿಭಾಗಗಳು. ಮುಂದಿನಿಂದ ನೋಡಿದಾಗ ಚಕ್ರ ಓರೆಯಾಗಿ ಕಂಡರೆ ಬೇರೆ ಚಕ್ರ ಹಾಕಿ ನೋಡಿ. ಆಗಲೂ ಓರೆಯಿದ್ದರೆ ಅಚ್ಚು ಬಗ್ಗಿದೆ. ಬೂಟಿನ ಅಡಿಯಲ್ಲಿ ಟ್ರಕ್ಕುಗಳನ್ನು ಹೊತ್ತ ಪ್ಲೇಟಿನಲ್ಲಿ, ಅದರಲ್ಲೂ ಕಿಂಗ್‌ಪಿನ್ ಬುಡದಲ್ಲಿ ಬಿರುಕಿದ್ದರೆ ಆ ಜೋಡಿಯನ್ನು ಓಡಿಸಲು ಮಾರಲೇಬಾರದು.

ಇನ್ನುಳಿದದ್ದು ಒಂದು. ಒಳ ಅಂಚು ಮಾತ್ರ ಸವೆದು ಚಕ್ರ ಶಂಕುವಿನಂತಾಗುವುದಕ್ಕೆ ‘ಓರೆ ಸವೆತ’ ಅನ್ನಬಹುದು. ಬ್ರೇಕಿಗೆಂದು ಅಡ್ಡ ಜಾರಿಸಿ ಒಂದೇ ಕಡೆ ಚಪ್ಪಟೆಯಾಗಿ, ಉರುಳುವಾಗ ತಟತಟ ಅನ್ನುವ ಚಕ್ರಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಗಾಡಿ ಗಾಲಿಗೆ ಬಳಸುವ ಹಳೆಯ ಮಾತಿದ್ದರೂ ತಿಳಿಸಿ.