ಪ್ರಶ್ನೋತ್ತರ: ಅಕ್ಕಿ ಡಬ್ಬದೊಳಗಿನ ಮೊಬೈಲ್

ಪ್ರಶ್ನೆ (ತಾಯಿ, ದಾವಣಗೆರೆ): ಮಗನಿಗೆ 15 ವರ್ಷ. ರಾತ್ರಿ ಒಂದರವರೆಗೆ ಮೊಬೈಲಿನಲ್ಲಿ ಬಿಜಿಎಂಐ ಎಂಬ ಗುಂಡು ಹಾರಿಸುವ ಆಟ ಆಡುತ್ತಾನೆ. ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟರೂ ಹುಡುಕಿ ತೆಗೆದ. ಕಿತ್ತುಕೊಂಡರೆ ಬಾಗಿಲು ಬಡಿಯುತ್ತಾನೆ. ನೆರೆಯವರು ಏನೆಂದುಕೊಂಡಾರೋ ಎಂದು ಅವನ ತಂದೆ ಎಷ್ಟೋ ಸಲ ಹತ್ತೇ ನಿಮಿಷದಲ್ಲಿ ಮರಳಿ ಕೊಡುತ್ತಾರೆ. ಇದೇ ಮನೆಯಲ್ಲಿ ಬೆಳೆದ ಮಗಳು ಲಾಕ್‌ಡೌನ್‌ನಲ್ಲಿ ಎರಡು ತಿಂಗಳು ಲೂಡೋ ಆಡಿ, ಬೇಸರವಾಗಿ ತಾನೇ ಬಿಟ್ಟಳು. ‘ನಿನ್ನ ಸಲುಗೆಯಿಂದಲೇ ಕೆಟ್ಟ’ ಎನ್ನುತ್ತಾರೆ ಅತ್ತೆ. ತಪ್ಪು ನನ್ನದೋ, ಅವನ ಸ್ವಭಾವದ್ದೋ?

ಉತ್ತರ (ಮನಶ್ಶಾಸ್ತ್ರಜ್ಞೆ): ಅತ್ತೆಯವರ ತೀರ್ಪು ಪಕ್ಕಕ್ಕಿರಲಿ. ನನ್ನ ಕಣ್ಣು ನಿಂತದ್ದು ಆ ‘ಹತ್ತೇ ನಿಮಿಷ’ದ ಮೇಲೆ. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನವೇ ನಮ್ಮನ್ನು ಹೆಚ್ಚು ಕಟ್ಟಿಹಾಕುತ್ತದೆ. ಆಟದಲ್ಲಿ ಪೆಟ್ಟಿಗೆ ತೆರೆದರೆ ಒಮ್ಮೆ ಏನೂ ಇಲ್ಲ, ಇನ್ನೊಮ್ಮೆ ಅಪರೂಪದ ವಸ್ತು. ನಿಮ್ಮ ಮನೆಯ ನಿಯಮವೂ ಅಂಥದ್ದೇ ಪೆಟ್ಟಿಗೆಯಾಗಿದೆ: ಬಾಗಿಲು ಬಡಿದರೆ ಕೆಲವು ಸಲ ಮೊಬೈಲ್ ಸಿಗುತ್ತದೆ. ಆದ್ದರಿಂದ ಅವನು ಪ್ರತಿ ಸಲವೂ ಬಡಿದು ನೋಡುತ್ತಾನೆ.

ಸ್ವಭಾವದ ಪಾಲೂ ಇದೆ. ದುಡುಕು ಹೆಚ್ಚಿರುವ ಮಕ್ಕಳು, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವವರು ಬೇಗ ಸಿಕ್ಕಿಕೊಳ್ಳುತ್ತಾರೆ. ಆತಂಕ, ಸಂಕೋಚ ಹೆಚ್ಚಿರುವವರೂ ಸಿಕ್ಕಿಕೊಳ್ಳುತ್ತಾರೆ, ಆದರೆ ಬೇರೆ ಕಾರಣಕ್ಕೆ. ತರಗತಿಯಲ್ಲಿ ಬಾಯಿ ಬಿಡದವನು ಹೆಡ್‌ಫೋನ್ ಹಾಕಿಕೊಂಡರೆ ತಂಡದ ನಾಯಕ. ಮೊದಲನೆಯವನಿಗೆ ಗಟ್ಟಿ ಬೇಲಿ ಬೇಕು. ಎರಡನೆಯವನಿಗೆ ಬೇಲಿಯಷ್ಟೇ ಹಾಕಿದರೆ ಇದ್ದೊಂದು ಆಸರೆಯೂ ಹೋಗುತ್ತದೆ.

ಬೈಗುಳ, ಕಣ್ಗಾವಲು ಹೆಚ್ಚಿರುವ ಮನೆಗಳಲ್ಲಿ ಗೀಳೂ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಮಗ ಆಡುವುದರಿಂದಲೇ ತಾಯಿ ಬೈಯತೊಡಗಿರಬಹುದಲ್ಲ! ಎರಡೂ ಒಂದನ್ನೊಂದು ಬೆಳೆಸುತ್ತವೆ. ಹೀಗಾಗಿ ‘ಯಾರ ತಪ್ಪು’ ಎಂಬ ಲೆಕ್ಕ ಕೈಬಿಡಿ.

ಇವತ್ತೇ ಮಾಡಬಹುದಾದದ್ದು: ಗಂಡ ಹೆಂಡತಿ ಒಂದೇ ಮಾತಿಗೆ ಬನ್ನಿ, ಮಗನ ಎದುರಿಗಲ್ಲ. ಹೊತ್ತನ್ನು ಗಡಿಯಾರದಿಂದ ಅಳೆಯಬೇಡಿ, ಮ್ಯಾಚ್‌ಗಳಿಂದ ಅಳೆಯಿರಿ. ಒಂದು ಮ್ಯಾಚ್ ಅರ್ಧ ಗಂಟೆಯವರೆಗೂ ಎಳೆಯಬಹುದು, ನಡುವೆ ನಿಲ್ಲಿಸುವಂತಿಲ್ಲ. ಕಿತ್ತುಕೊಂಡರೆ ತಂಡದ ಮೂವರಿಗೆ ಕೈಕೊಟ್ಟ ಅವಮಾನ ಅವನದು. ರಾತ್ರಿ ಎಲ್ಲರ ಮೊಬೈಲೂ ಹಜಾರದಲ್ಲಿ ಚಾರ್ಜ್ ಆಗಲಿ, ಅವನ ತಂದೆಯದೂ. ಮೊದಲ ವಾರ ಬಾಗಿಲು ಇನ್ನೂ ಜೋರಾಗಿ ಬಡಿಯುತ್ತದೆ. ಆಗ ಸೋಲಬೇಡಿ.

ಪ್ರಶ್ನೆ (ಇನ್ನೊಬ್ಬರು): ಆಟದ ಈ ಗೀಳು ಕಾಯಿಲೆಯೇ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರಲ್ಲಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಹಾನಿ ಕಂಡರೂ ಬಿಡಲಾಗದಿರಬೇಕು. ಸಾಮಾನ್ಯವಾಗಿ 12 ತಿಂಗಳು ಹೀಗಿರಬೇಕು. ಪರೀಕ್ಷೆ ಮುಗಿದ ರಜೆಯಲ್ಲಿ ಹಗಲಿಡೀ ಆಡಿದವನಿಗೆಲ್ಲ ಈ ಹೆಸರು ಅಂಟಿಸಬೇಡಿ. ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ ‘ಶಟ್’ ಕ್ಲಿನಿಕ್ ಇದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತನಾಡಬಹುದು.

ತಾಯಿ: ನಿನ್ನೆ ಬೈಯದೆ, ಯಾರೊಂದಿಗೆ ಆಡುತ್ತೀಯ ಎಂದು ಕೇಳಿದೆ. ಒಬ್ಬ ಅವನ ಹಳೆಯ ಶಾಲೆಯ ಗೆಳೆಯನಂತೆ. ನಾವು ಶಾಲೆ ಬದಲಿಸಿ ಎರಡು ವರ್ಷವಾಯಿತು. ಹೊಸ ಶಾಲೆಯ ಒಬ್ಬನ ಹೆಸರನ್ನೂ ಅವನು ಹೇಳಲಿಲ್ಲ.

ಉತ್ತರ: ಆ ಹಳೆಯ ಗೆಳೆಯನನ್ನು ಭಾನುವಾರ ಊಟಕ್ಕೆ ಕರೆಯಿರಿ. ಇಬ್ಬರೂ ಕೂತು ಒಂದೆರಡು ಮ್ಯಾಚ್ ಆಡಿದರೆ ಆಡಲಿ ಬಿಡಿ.